ಕೆರೆ ಏರಿಯ ಹಸಿರು ಟೋಪಿ

ಮದಲೂರು
೨೮ ಆಗಸ್ಟ್ ೨೦೨೫, ಗುರುವಾರ

ಮಧುಗಿರಿಯಲ್ಲಿ ಕತ್ತೆತ್ತಿಕೊಂಡೇ ಓಡಾಡುವ ನನ್ನ ಯಜಮಾನರಿಗೆ, ಯಶೋದೆಯ ನಮಸ್ಕಾರಗಳು.

ಫೋನಿನಲ್ಲಿ ಮಾತು ಶುರುವಾದರೆ ನಾವಿಬ್ಬರೂ ಜಗಳಕ್ಕೇ ಇಳಿಯುತ್ತೇವೆ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವವರೆಗೆ ನೀವು ಬಾಯಿ ಹಾಕುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೋಪ ಇಳಿದಿದೆ ಅಂದುಕೊಳ್ಳಬೇಡಿ. ತಂಗಿಯ ನಿಶ್ಚಿತಾರ್ಥದ ದಿನ ಶಿರಾದ ಛತ್ರದಲ್ಲಿ ತಾಂಬೂಲ ಬದಲಾಯಿಸುವ ಹೊತ್ತಿಗೆ ದೊಡ್ಡ ಅಳಿಯ ಎಲ್ಲಿ ಎಂದು ಎಲ್ಲರೂ ಹುಡುಕುತ್ತಿದ್ದರೆ, ನೀವು ಎದುರಿನ ಟೀ ಅಂಗಡಿಯ ಬೆಂಚು ಹತ್ತಿ ಹಳೆಯ ಬೀದಿದೀಪದ ಫೋಟೋ ತೆಗೆಯುತ್ತಿದ್ದಿರಿ. ಬೀಗರ ಮುಂದೆ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ? ಅಲ್ಲಿಂದಲೇ ಅವ್ವನ ಜೊತೆ ತವರಿಗೆ ಬಂದುಬಿಟ್ಟೆ. ನೀವು ಕರೆಯಲು ಬರಲಿಲ್ಲ. ಈಗ ಗೌರಿ ಹಬ್ಬವೂ ಮುಗಿಯಿತು. ಕರೆಯಲು ಯಾರೂ ಬಾರದೆ ನಾನಾಗಿ ಬಸ್ಸು ಹತ್ತಿದರೆ ನಮ್ಮ ಹಟ್ಟಿಯವರು ಏನನ್ನುತ್ತಾರೆಂದು ನಿಮಗೆ ಗೊತ್ತಿದೆ.

ಇರಲಿ, ವಿಷಯ ಬೇರೆ. ನಮ್ಮೂರ ಕೆರೆ ಏರಿಯ ತಿರುವಿನಲ್ಲಿ ಒಂದು ಹಳೆಯ ದೀಪವಿದೆಯಲ್ಲ, ಹೊರಗೆ ಹಸಿರು, ಒಳಗೆ ಬಿಳಿ ಬಣ್ಣದ ತಗಡಿನ ಟೋಪಿಯದು? ಮದುವೆಯಾದ ಹೊಸದರಲ್ಲಿ ನೀವು ಅದನ್ನು ನೋಡಿ, ಎಪ್ಪತ್ತೈದರ ಈಚಿನದು ಎಂದು ತೀರ್ಪು ಕೊಟ್ಟಿದ್ದಿರಿ. ತಪ್ಪು! ನೀವು ನೋಡಿದ್ದು ಸಿಮೆಂಟು ಕಂಬವನ್ನು. ಮೊದಲಿದ್ದ ಮರದ ಕಂಬ ಗೆದ್ದಲು ಹಿಡಿದ ಮೇಲೆ ಈ ಸಿಮೆಂಟಿನದನ್ನು ನೆಟ್ಟು, ದೀಪ ಮಾತ್ರ ಹಳೆಯದನ್ನೇ ಸಿಕ್ಕಿಸಿದ್ದಾರೆ.

ಪಂಚಾಯ್ತಿಯವರು ಎಲ್‌ಇಡಿ ದೀಪ ಹಾಕುತ್ತಾರೆಂಬ ಸುದ್ದಿ ಬಂದಾಗ ನಾನೇ ಹೋಗಿ ಕತ್ತೆತ್ತಿ ನೋಡಿದೆ. ನಿಮ್ಮ ಜೊತೆಗಿದ್ದು ಈ ಚಾಳಿ ನನಗೂ ಅಂಟಿದೆ. ಹೋಲ್ಡರು ಪಿಂಗಾಣಿಯದು. ಹೀಗಿದ್ದರೆ ತೀರಾ ಹಳೆಯದೆಂದು ನೀವು ಕಂಡಕ್ಟರಾಗಿರುವ ಪಾವಗಡದ ಬಸ್ಸಿನಲ್ಲೇ ಅಲ್ಲವೇ ನನಗೆ ಹೇಳಿಕೊಟ್ಟದ್ದು? ದೊಡ್ಡಮ್ಮ ಕೆಂಪಕ್ಕನನ್ನು ಕೇಳಿದೆ. ಅವಳು ಮದುಮಗಳಾಗಿ ಎತ್ತಿನ ಗಾಡಿಯಿಂದ ಇಳಿದ ಸಂಜೆಯೇ ಆ ದೀಪ ಮೊದಲ ಸಲ ಹತ್ತಿತಂತೆ. ಹೆಂಗಸರು ಮದುಮಗಳಿಗೆಂದು ತಂದಿದ್ದ ಆರತಿಯನ್ನು ಮೊದಲು ಕಂಬಕ್ಕೆ ಎತ್ತಿದರಂತೆ. “ಹೊಸ ಹೆಣ್ಣು ಅಂತ ನನ್ನ ಒಬ್ರೂ ನೋಡ್ಲಿಲ್ಲ ಕಣಮ್ಮ. ಎಲ್ರೂ ಅಂಗೇ ಬಾಯ್ ಬುಟ್ಕಂಡು ದೀಪ ನೋಡ್ತಾ ನಿಂತ್ಬುಟ್ರು. ನಿಮ್ಮ ದೊಡ್ಡಪ್ಪಾನೂವೆ!” ಎಂದಳು. ಅವಳ ಹಿರಿಮಗ ಓಬಯ್ಯಣ್ಣ ಹುಟ್ಟಿದ್ದು ಅರವತ್ತೈದರಲ್ಲಿ, ಮದುವೆಯ ಮರುವರ್ಷ. ಲೆಕ್ಕ ನೀವೇ ಹಾಕಿಕೊಳ್ಳಿ.

ನಿನಗೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. “ಬಂತು ಕಣಮ್ಮ. ಆಮೇಲೆ ನಾನೂ ತಲೆ ಎತ್ತಿ ನೋಡ್ದೆ. ಎಷ್ಟ್ ಚೆಂದಾಗಿತ್ತು ಗೊತ್ತಾ!” ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ನಿಮ್ಮ ನೆನಪಾಯಿತು, ಬಹಳ ನೆನಪಾಯಿತು.

ಮುಂದಿನ ವಾರ ಶುಕ್ರವಾರ ದೀಪ ಇಳಿಸುತ್ತಾರಂತೆ. ಅಷ್ಟರೊಳಗೆ ರಜೆ ಹಾಕಿ ಬಂದು ನೋಡಿಕೊಂಡು ಹೋಗಿ. ದೀಪವನ್ನು ಮಾತ್ರ. ಮನೆಗೆ ಬರಲೇಬೇಕೆಂದೇನೂ ಇಲ್ಲ. ಬಂದರೆ ಅವ್ವ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡುತ್ತಾಳೆ.

ಇಂತಿ,
ಇನ್ನೂ ಕೋಪದಲ್ಲಿರುವ
ಯಶೋದ

ತಾ.ಕ.: ಶುಕ್ರವಾರದ ಮಾತು ಸುಳ್ಳು. ದೀಪವನ್ನು ಹೋದ ವಾರವೇ ಇಳಿಸಿದರು. ಗುಜರಿಗೆ ಹೋಗುತ್ತಿದ್ದುದನ್ನು ನಾನು ಪಂಚಾಯ್ತಿ ಅಧ್ಯಕ್ಷರ ಬಾಗಿಲಲ್ಲಿ ಕೂತು ಕೇಳಿ ತಂದೆ. ಸೀಗೆಪುಡಿಯಲ್ಲಿ ತೊಳೆದು, ನಿಶ್ಚಿತಾರ್ಥದ ದಿನ ಉಟ್ಟಿದ್ದ ಸೀರೆಯಲ್ಲೇ ಸುತ್ತಿಟ್ಟಿದ್ದೇನೆ. ನನ್ನನ್ನು ಬಿಟ್ಟು ಅದೊಂದೇ ಮಧುಗಿರಿಗೆ ಬರುವುದಿಲ್ಲ. ಕರೆಯಲು ಬನ್ನಿ. ಬಸ್ಸಿನಲ್ಲಿ ಅದಕ್ಕೆ ಲಗೇಜು ಟಿಕೆಟ್ ಹರಿಯಬೇಡಿ, ಮಡಿಲಲ್ಲಿಟ್ಟುಕೊಂಡು ಬರುತ್ತೇನೆ.