ಭಾರತೀಯರು ಯಾರೂ ಇರಲಿಲ್ಲ

ಧನಗೆರೆ, ಕೊಳ್ಳೇಗಾಲ ತಾಲ್ಲೂಕು
ಭಾನುವಾರ, 11 ಆಗಸ್ಟ್ 2024

ಪ್ರೀತಿಯ ಅಕ್ಕಾ,

ಸಪ್ತಸಾಗರಗಳಾಚೆಯ ದ್ವೀಪದಲ್ಲಿ ಪರದೇಶಿಗಳ ಜ್ವರ ಅಳೆಯುತ್ತಾ ವಿರಾಜಮಾನಳಾಗಿರುವ ಮಾಲಿನಿದೇವಿಯವರ ಸನ್ನಿಧಾನಕ್ಕೆ ಧನಗೆರೆಯ ಅಲ್ಪಮತಿ ತಮ್ಮನು ಸಾಷ್ಟಾಂಗವೆರಗಿ ಬಿನ್ನವಿಸಿಕೊಳ್ಳುವುದೇನೆಂದರೆ... ಬೇಡ ಬಿಡು. ಹೀಗೇ ಶುರು ಮಾಡಿ ಮೂರು ಹಾಳೆ ಹರಿದಿದ್ದೇನೆ. ಇದು ನಾಲ್ಕನೆಯದು, ಇದನ್ನು ಹರಿಯುವ ತ್ರಾಣ ಇಲ್ಲ. ಹೇಗಿದ್ದೀಯ? ನೈಟ್ ಡ್ಯೂಟಿ ಮಾಡಿದರೆ ಪಾದ ಊದುತ್ತದೆ ಅನ್ನುತ್ತಿದ್ದೆ, ಈಗಲೂ ಊದುತ್ತದಾ? ನಿದ್ದೆ ಬರುತ್ತದಾ? ಊಟಕ್ಕೆ ಯಾರ ಜೊತೆ ಕೂರುತ್ತೀಯ? ಈ ಕೊನೆಯ ಪ್ರಶ್ನೆ ಕೇಳುವ ಯೋಗ್ಯತೆ ನನಗಿಲ್ಲ ಅಂತ ಗೊತ್ತು. ಆದರೂ ಕೇಳದೆ ಇರಲಾಗಲಿಲ್ಲ.

ಇಲ್ಲಿ ಎಲ್ಲರೂ ಇದ್ದಾರೆ. ಅವ್ವನ ಬಲಮಂಡಿ ಮೆಟ್ಟಿಲು ಹತ್ತುವಾಗ ಸದ್ದು ಮಾಡುತ್ತದೆ, ಡಾಕ್ಟರ ಹತ್ತಿರ ಹೋಗೋಣ ಅಂದರೆ ಆ ಸದ್ದು ತನಗೆ ಕೇಳಿಸುವುದೇ ಇಲ್ಲ ಅನ್ನುತ್ತಾಳೆ. ತಾತನಿಗೆ ಮಂಡಿ ಗಟ್ಟಿ, ಕಿವಿ ಇಲ್ಲ. ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು ನನ್ನ ಕೈಲಿ ಪೇಪರು ಜೋರಾಗಿ ಓದಿಸಿಕೊಳ್ಳುತ್ತಾನೆ. ನನಗೂ ಕೆಲಸ ಅದೇ: ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಐದಕ್ಕೆ ಕಟ್ಟು ಬಿಚ್ಚಿ, ಯಳಂದೂರು ರಸ್ತೆಯ ಊರುಗಳಿಗೆಲ್ಲ ಬೈಕಿನಲ್ಲಿ ಪೇಪರು ಹಾಕಿ, ಉಳಿದ ಒಂದನ್ನು ಮನೆಗೆ ತಂದು ತಾತನ ಕಿವಿಗೆ ಕೂಗುವುದು. ಬಿ.ಎ. ಪದವೀಧರನ ಗಂಟಲು ಹೀಗೆ ಸಾರ್ಥಕವಾಗುತ್ತಿದೆ.

ನೀನು ನನ್ನನ್ನು ಬ್ಲಾಕ್ ಮಾಡಿ ಇವತ್ತಿಗೆ ಮೂವತ್ತನಾಲ್ಕು ದಿನ. ಅವ್ವನ ಕೀಪ್ಯಾಡ್ ಫೋನಿಗೂ ಕರೆ ಬಂದಿಲ್ಲ. ಅವ್ವ ಮಾತ್ರ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ನನ್ನ ಫೋನಿನ ಮುಂದೆ ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ ಕೂರುತ್ತಾಳೆ. ಮೊದಲ ಭಾನುವಾರ ನಾನು, ಸಮುದ್ರದಡಿಯ ಕೇಬಲ್ಲನ್ನು ತಿಮಿಂಗಿಲವೊಂದು ಕಚ್ಚಿರುವುದರಿಂದ ಸಂಪರ್ಕ ಕಡಿತವಾಗಿದೆಯೆಂದು ಅಧಿಕೃತವಾಗಿ ಪ್ರಕಟಿಸಿದೆ. ಎರಡನೆಯ ಭಾನುವಾರ ರಿಪೇರಿ ನಡೆಯುತ್ತಿದೆ ಅಂದೆ. ಮೂರನೆಯ ಭಾನುವಾರ ತಾತ, "ಇನ್ನೂವೇ ಕಚ್ಕಂಡೇ ಕುಂತದಾ ಅದು? ಒಟ್ಟೆ ತುಂಬ್ನಿಲ್ವಾ?" ಅಂದ. ನಾಲ್ಕನೆಯ ಭಾನುವಾರ ಅವ್ವ ಐದು ಗಂಟೆಯವರೆಗೆ ಕೂತಿದ್ದು ಎದ್ದು ಹೋದಳು. ಸುಳ್ಳು ಹೇಳಿ ಇಷ್ಟು ಸುಸ್ತಾದದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು.

ನಡೆದದ್ದನ್ನು ಒಂದು ಸಲ ಮೊದಲಿಂದ ಹೇಳುತ್ತೇನೆ, ಕೇಳು. ನಿನ್ನ ಕಡೆಯದು ನಿನಗೆ ಗೊತ್ತು, ನಮ್ಮ ಕಡೆಯದು ಗೊತ್ತಿಲ್ಲ. ಜುಲೈ ಏಳು, ಭಾನುವಾರ ಸಂಜೆ ಟೀವಿಯಲ್ಲಿ ನಿಮ್ಮ ದ್ವೀಪದ ಹೆಸರು ಬಂತು. ದೊಡ್ಡ ಪಟ್ಟಣದಿಂದ ನಿಮ್ಮ ದ್ವೀಪಕ್ಕೆ ಬರುವ ಫೆರಿ ದೋಣಿ ಮುಳುಗಿದೆ, ತೊಂಬತ್ತಾರು ಜನ ಹೋಗಿದ್ದಾರೆ ಅಂತ. ರಜೆ ಸಿಕ್ಕಿದಾಗಲೆಲ್ಲ ಅದೇ ದೋಣಿಯಲ್ಲಿ ಪಟ್ಟಣಕ್ಕೆ ಹೋಗಿಬರುತ್ತೀನಿ ಅಂತ ನೀನೇ ಹೇಳಿದ್ದೆ. ನಿನ್ನ ಫೋನು ಹತ್ತಲಿಲ್ಲ. ನಲವತ್ತು ಸಲ ಮಾಡಿರಬಹುದು. ಅವ್ವ ದೇವರ ಮನೆಗೆ ಹೋಗಲಿಲ್ಲ, ಅಳಲಿಲ್ಲ, ಟೀವಿಯ ಪಕ್ಕದ ಗೋಡೆಗೆ ಅಂಗೈ ಊರಿ ನಿಂತೇ ಇದ್ದಳು. ಗೋಡೆ ಬಿಟ್ಟರೆ ಮನೆಯೇ ಬೀಳುತ್ತದೆ ಅನ್ನುವ ಹಾಗೆ.

ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿನ ಹುರಿ ಕೊಯ್ದೆ. ಮೊದಲ ಪುಟ, ಕೆಳಗಡೆ, ಎರಡು ಕಾಲಂ: "ದೋಣಿ ದುರಂತ: ಭಾರತೀಯರು ಯಾರೂ ಇಲ್ಲ". ಅಕ್ಕಾ, ನಾನು ಆ ಕಟ್ಟಿನ ಮೇಲೇ ಕೂತುಬಿಟ್ಟೆ. ಕಂಡಕ್ಟರೊಬ್ಬರು ಬಂದು, "ಯಾಕ್ಲಾ ಪರ್ಸಾದಿ, ಪೇಪರ್ ಲೈನ್ ಕಿತ್ಕಂಬುಟ್ರಾ?" ಅಂತ ಕೇಳಿದರು. ಅಷ್ಟು ಅಳುತ್ತಿದ್ದೆ. ಅವತ್ತು ಯಳಂದೂರು ಲೈನಿಗೆ ಪೇಪರು ಹಾಕದೆ ಮೊದಲು ಮನೆಗೆ ಬಂದೆ. ತಲೆಬರಹ ಓದಿದೆ. ಅವ್ವ ಗೋಡೆ ಬಿಟ್ಟಳು. ಹತ್ತು ಗಂಟೆಗೆ ನಿನ್ನ ಮೆಸೇಜೂ ಬಂತು: "ನಾನು ಇದ್ದೀನಿ." ಎರಡೇ ಪದ. ಅವಸರದಲ್ಲಿದ್ದಾಳೆ, ಆಸ್ಪತ್ರೆಯಲ್ಲಿ ಗಾಯಾಳುಗಳು ತುಂಬಿರಬೇಕು ಅಂದುಕೊಂಡೆವು. ಅವತ್ತು ಸೋಮವಾರ, ಮಾದೇಶ್ವರನ ವಾರ. ಅವ್ವ ತಡಮಾಡಲಿಲ್ಲ. ಬೆಟ್ಟದ ಮಾದಪ್ಪನ ಹೆಸರಲ್ಲಿ ಪರ ಮಾಡಿಯೇ ತೀರಬೇಕು, ಬೀದಿಗೆಲ್ಲ ಊಟ ಹಾಕಬೇಕು ಅಂತ ಪಾತ್ರೆ ಇಳಿಸಿದಳು. ಮಧ್ಯಾಹ್ನಕ್ಕೆ ಅನ್ನ, ಸಾರು, ಬೆಲ್ಲದ ಪಾಯಸ. ಎಪ್ಪತ್ತು ಜನ ಉಂಡರು.

ಹೆದರಿಕೆ ಬಿಟ್ಟ ಗಳಿಗೆಯಲ್ಲಿ ನನಗೆ ನಗು ಬರುತ್ತದೆ. ಅಪ್ಪನ ತಿಥಿಯಲ್ಲಿ ನಕ್ಕು ನಿನ್ನ ಕೈಲಿ ಚಿವುಟಿಸಿಕೊಂಡವನು ನಾನು. ಕೆಂಪನಂಜಪ್ಪನ ಟೀ ಅಂಗಡಿಯ ಕರಿಹಲಗೆಯ ಮೇಲೆ ನಾನು ಸೀಮೆಸುಣ್ಣದಲ್ಲಿ ಹೊರಡಿಸುವ "ಧನಗೆರೆ ದೈನಿಕ" ನಿನಗೆ ಗೊತ್ತಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಅದಕ್ಕೆ ಸಂತಾಪ ಸೂಚಿಸಿ, ಲೈನ್‌ಮನ್ನನ್ನೂ ಸೇರಿಸಿ ಎರಡು ನಿಮಿಷ ಮೌನ ನಿಲ್ಲಿಸಿದ ಅದೇ ಪತ್ರಿಕೆ. ಪಾಯಸ ಉಂಡು ಕೈ ತೊಳೆದವನೇ ಹೋಗಿ ಬರೆದೆ: "ದೋಣಿ ದುರಂತ. ಭಾರತೀಯರು ಇಲ್ಲ. ಕರ್ನಾಟಕದವರು ಇಲ್ಲ. ಕೊಳ್ಳೇಗಾಲ ತಾಲ್ಲೂಕಿನವರು ಇಲ್ಲ. ಧನಗೆರೆಯವರಂತೂ ಇಲ್ಲವೇ ಇಲ್ಲ. ನಮ್ಮ ಬೀದಿಯ ಎಮ್ಮೆಗಳು ಕ್ಷೇಮ. ಆದಕಾರಣ ದುರಂತವೇ ನಡೆದಿಲ್ಲವೆಂದು ಸಾರ್ವಜನಿಕರು ಭಾವಿಸತಕ್ಕದ್ದು." ಕೆಂಪನಂಜಪ್ಪ ಹೊಟ್ಟೆ ಹಿಡಿದುಕೊಂಡು, "ಎಮ್ಮೆ ಸುದ್ದಿಯ ಮೊದ್ಲು ಆಕ್ಬೇಕಾಗಿತ್ತು ಕಣ್ಲಾ, ಅದೇ ಮುಖ್ಯವಾದ್ದು" ಅಂದ. ನಾನು ಹಲಗೆಯ ಫೋಟೋ, ಪರದ ವೀಡಿಯೋ ಎರಡನ್ನೂ ಮನೆಯ ಗ್ರೂಪಿಗೆ ಹಾಕಿದೆ. ಸಂಜೆ ನೀನು ಬರೆದೆ: "ಆ ದೋಣೀಲಿ ನನ್ನ ರೂಮಿನೋಳು ಇದ್ಲು. ನೀವು ಪಾಯ್ಸ ಉಣ್ಣಿ." ಆಮೇಲೆ, ಮಾಲಿನಿ ಗ್ರೂಪ್ ತೊರೆದಿದ್ದಾರೆ ಅಂತ ಫೋನು ಹೇಳಿತು.

ನಾನು ಮಾಡಿದ ಮೊದಲ ಕೆಲಸ ಕ್ಷಮೆ ಕೇಳುವುದಲ್ಲ, ವಾದ ಹುಡುಕುವುದು. ಕೊಳ್ಳೇಗಾಲದ ಲೈಬ್ರರಿಯಲ್ಲಿ ಎರಡು ದಿನ ಕೂತು ಆ ವಾರದ ಪೇಪರುಗಳನ್ನೆಲ್ಲ ತೆಗೆದೆ. ಸತ್ತವರಲ್ಲಿ ಏಳು ಮಂದಿ ಶ್ರೀಮಂತ ದೇಶದ ಪ್ರವಾಸಿಗಳು. ಅವರಿಗೆ ಹೆಸರಿತ್ತು, ವಯಸ್ಸಿತ್ತು, ನಗುವ ಫೋಟೋ ಇತ್ತು. ಒಬ್ಬಾತನ ನಾಯಿ ಊರಿನಲ್ಲಿ ಬಾಗಿಲು ಕಾಯುತ್ತಿದೆ ಅಂತ ನಮ್ಮ ಕನ್ನಡ ಪೇಪರು ಆ ನಾಯಿಯ ಹೆಸರನ್ನೂ ಹಾಕಿತ್ತು. ಕೊನೆಯ ಸಾಲು: "ಉಳಿದವರು ಸ್ಥಳೀಯರು." ಎಂಬತ್ತೊಂಬತ್ತು ಜನ, ಎರಡು ಪದ. ಟೀವಿಯ ಒಂದು ಚಾನೆಲ್ಲಿನಲ್ಲಿ "ನಮ್ಮವರು ಸೇಫ್" ಅಂತ ಕೆಂಪು ಪಟ್ಟಿ ದಿನವಿಡೀ ಓಡಿತ್ತು. ಐದನೆಯ ದಿನಕ್ಕೆ ದೋಣಿ ಪೂರ್ತಿ ಮಾಯವಾಗಿ, ಆ ಜಾಗದಲ್ಲಿ ಯಾವುದೋ ನಟಿಯ ನಿಶ್ಚಿತಾರ್ಥ ಬಂದು ಕೂತಿತು.

ಇದನ್ನೆಲ್ಲ ಬರೆದುಕೊಂಡು ಪ್ರಭುಸ್ವಾಮಿಯ ಹತ್ತಿರ ಜಗಳಕ್ಕೆ ಹೋದೆ. ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಅರ್ಧ ದಿನ ಅದೇ ಪೇಪರಿಗೆ ವರದಿಗಾರನಾಗಿರುವ ಮನುಷ್ಯ. ಪಾಪ, ಆಧಾರ್ ಕಾರ್ಡೊಂದನ್ನು ಜೆರಾಕ್ಸಿಗಿಟ್ಟುಕೊಂಡೇ ಎಲ್ಲ ಕೇಳಿಸಿಕೊಂಡ. "ನಾನ್ ಬರ್ದುದ್ದಲ್ಲ ಕಣಪ್ಪ ಅದು, ಮ್ಯಾಲಿಂದ ಬಂದದ್ದು. ಆದ್ರೂವೆ ಒಂದ್ ಏಳ್ತೀನಿ ಕೇಳು. ಓದ್ ವರ್ಸ ಅನೂರ್ನಿಂದ ಆಚ್ಗೆ, ಗಡಿ ತಾವು ಒಳೇಲಿ ತೆಪ್ಪ ಮಗುಚ್ಕತ್ತಲ್ಲಾ, ನಾನೇ ಸುದ್ದಿ ಕೊಟ್ಟೆ. ಮೂರ್ ಎಣ ಅಂದೆ. ಆಪೀಸ್ನೋರು ಮೊದ್ಲು ಕೇಳಿದ್ದೇನು ಗೊತ್ತಾ? ನಮ್ಮೋರ್ ಎಷ್ಟು, ತಮಿಳ್ನಾಡ್ನೋರ್ ಎಷ್ಟು ಅಂತ. ನೀರ್ನಿಂದ ಎತ್ದಾಗ ಅದು ಗೊತ್ತಾಗಲ್ಲ ಸಾ ಅಂದೆ. ಗೊತ್ತಾದ್ಮೇಲೆ ಫೋನ್ ಮಾಡು ಅಂದ್ರು." ಆಮೇಲೆ ನನ್ನ ಮುಖ ನೋಡಿ ಕನಿಕರದಿಂದ, "ನೀನ್ ಮಾಡಿದ್ದು ವಿಡಂಬನೆ ಕಣಪ್ಪ. ಅಕ್ಕಂಗೆ ಬುಡ್ಸಿ ಏಳು, ಅರ್ಥ ಆಯ್ತದೆ" ಅಂತ ಒಂದು ಬಿಳಿ ಹಾಳೆಯನ್ನೂ ಕೊಟ್ಟ.

ಆ ಹಾಳೆಯ ಮೇಲೇ ಮೊದಲ ಪತ್ರ ಶುರು ಮಾಡಿದ್ದು. ನಾನು ಅಣಕಿಸಿದ್ದು ಸತ್ತವರನ್ನಲ್ಲ, ಪೇಪರಿನವರನ್ನು ಅಂತ ಬಿಡಿಸಿ ಹೇಳುವ ಪತ್ರ. ಬಹಳ ಚೆನ್ನಾಗಿತ್ತು. ಅರ್ಧ ಪುಟವಾದ ಮೇಲೆ ಹರಿದು ಹಾಕಿದೆ. ಯಾಕೆಂದರೆ ಆ ತಲೆಬರಹ ನನಗಾಗಿಯೇ ಬರೆದದ್ದು ಅಕ್ಕಾ. ಅದನ್ನು ಓದಿ ಕಟ್ಟಿನ ಮೇಲೆ ಕೂತು ಖುಷಿಯಿಂದ ಅತ್ತವನು ಪ್ರಭುಸ್ವಾಮಿಯಲ್ಲ, ನಾನು. ಪೇಪರಿನವರು ತೊಂಬತ್ತಾರು ಹೆಸರನ್ನೂ ಹಾಕಿದ್ದರೆ ಏನು ಮಾಡುತ್ತಿದ್ದೆ? ಬೆರಳಿಟ್ಟು ನಿನ್ನ ಹೆಸರು ಹುಡುಕುತ್ತಿದ್ದೆ, ಸಿಗದಿದ್ದರೆ ಮಡಚಿ ಯಳಂದೂರಿಗೆ ಹೊರಡುತ್ತಿದ್ದೆ. ಅವರು ನಮ್ಮಂಥವರಿಗೆ ಬೇಕಾದದ್ದನ್ನು ಬರೆದರು, ನಾನು ಅದನ್ನು ಮನೆಮನೆಗೆ ಎಸೆದೆ, ಮೇಲೆ ಎಮ್ಮೆಯನ್ನೂ ಸೇರಿಸಿದೆ. ಅವರ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಆದರೆ ಆ ಸಿಟ್ಟಿನ ಹಿಂದೆ ನಿಂತುಕೊಂಡು ನಿನಗೆ ಮುಖ ತೋರಿಸಲು ಮನಸ್ಸಿಲ್ಲ. ಹಲಗೆಯನ್ನು ಅವತ್ತೇ ಒರೆಸಿದೆ. ಆಮೇಲೆ ಬರೆದಿಲ್ಲ. ಕೆಂಪನಂಜಪ್ಪ ಅದರ ಮೇಲೆ ಟೀ, ಬೋಂಡದ ರೇಟು ಬರೆದುಕೊಂಡಿದ್ದಾನೆ.

ನಿನ್ನೆ ಅವ್ವನಿಗೆ ಎಲ್ಲ ಹೇಳಿದೆ. ಹಿತ್ತಲಲ್ಲಿ ಅವರೆ ಬೀಜ ಆರಿಸುತ್ತಿದ್ದಳು. ಬೈಯುತ್ತಾಳೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾಳೆ ಅಂತ ಮೊರದಿಂದ ಎರಡು ಮಾರು ದೂರದಲ್ಲೇ ನಿಂತಿದ್ದೆ. ಅವಳು ಆರಿಸುವುದನ್ನು ನಿಲ್ಲಿಸಲಿಲ್ಲ. ಒಂದು ಹುಳುಕು ಬೀಜ ಆಚೆಗೆ ಎಸೆದು, "ಮೀನ್ ತೋರ್ಸ್ತಿದ್ಲಲ್ಲಾ, ಆ ಉಡ್ಗಿಯಾ?" ಅಂದಳು. ಹೌದು ಅಂದೆ. ನೆನಪಿದೆಯಾ ನಿನಗೆ, ನೀನು ಮಾತಾಡುತ್ತಿರುವಾಗ ಅವಳು ಹಿಂದಿನಿಂದ ಬಂದು ತಾನು ಹುರಿದ ಮೀನನ್ನು ಕ್ಯಾಮೆರಾಕ್ಕೇ ಹಿಡಿಯುತ್ತಿದ್ದಳು, ಅವ್ವ ಕಣ್ಣು ಮುಚ್ಚಿಕೊಂಡು "ತಗ್ಯವ್ವಾ ಅತ್ಲಾಗಿ, ಶಿವಶಿವಾ" ಅನ್ನುತ್ತಿದ್ದಳು, ಅವಳು ಬಿದ್ದು ಬಿದ್ದು ನಕ್ಕು, ನೀನು ಕಲಿಸಿದ್ದ ಒಂದೇ ಒಂದು ಕನ್ನಡ, "ಊಟ ಆಯ್ತಾ ಅವ್ವಾ?" ಅನ್ನುತ್ತಿದ್ದಳು. ಅವ್ವ ಆಗ ಕಣ್ಣು ಬಿಟ್ಟು, "ಆಯ್ತು ಮಗಾ, ನಿಂದಾಯ್ತಾ?" ಅಂತ ಕೇಳುತ್ತಿದ್ದಳು. ನಿನ್ನೆ ಅವ್ವ ಮೊರ ಕೆಳಗಿಟ್ಟು ಹೇಳಿದ್ದಿಷ್ಟೇ: "ಅವ್ಳು ಓದ ಮಾರ್ನೆ ದಿಸ್ವೇ ಬೀದ್ಗೆಲ್ಲ ಪಾಯ್ಸ ಬಡಿಸ್ಬುಟ್ನಲ್ಲೋ. ನನ್ ಕೈಯಾರೆ ಬಡಿಸ್ಬುಟ್ನಲ್ಲೋ." ಹೊಡೆದಿದ್ದರೆ ಚೆನ್ನಾಗಿತ್ತು.

ನೀನು ನನ್ನ ಜೊತೆ ಮಾತಾಡಬೇಕು ಅಂತ ಕೇಳುವುದಿಲ್ಲ. ಬ್ಲಾಕ್ ತೆಗೆಯಬೇಡ, ನನಗೆ ಅದು ತಕ್ಕದ್ದೇ. ಅವ್ವ ಮಾಡಿದ್ದು ಗೊತ್ತಿಲ್ಲದೆ, ನಾನು ಮಾಡಿದ್ದು ನಗೆಗೆ. ಎರಡನ್ನೂ ಒಂದೇ ಕಟ್ಟಿಗೆ ಕಟ್ಟಬೇಡ, ಇಷ್ಟೇ. ತಾತ ನಿನಗೆ ಆಶೀರ್ವಾದ ಹೇಳಲು ಹೇಳಿದ್ದಾನೆ. ಆ ತಿಮಿಂಗಿಲಕ್ಕೆ ಒಂದು ಏಟು ಕೊಡಲೂ ಹೇಳಿದ್ದಾನೆ. ಅವನಿಗಿನ್ನೂ ನಿಜ ಹೇಳಿಲ್ಲ, ಕೂಗಿ ಹೇಳಬೇಕಾದ ವಿಷಯ ಅದಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಪಾದ ಇಟ್ಟುಕೋ. ಒಬ್ಬಳೇ ಆದರೂ ಹೊತ್ತಿಗೆ ಸರಿಯಾಗಿ ಉಣ್ಣು. ಬೆಟ್ಟದ ಮಾದಪ್ಪ ನಿನ್ನನ್ನು ಕಾಯಲಿ, ಆ ನೀರಿನ ದಡದಲ್ಲಿರುವ ಎಲ್ಲರನ್ನೂ ಕಾಯಲಿ.

ನಿನ್ನ ತಮ್ಮ,
ಮಹದೇವಪ್ರಸಾದ್

ಮರೆತ ಮಾತು: ಕವರು ಅಂಟಿಸುವ ಹೊತ್ತಿಗೆ ಅವ್ವ ಇನ್ನೊಂದು ಹಾಳೆ ತಂದು ಕೊಟ್ಟಳು, ಇದರ ಜೊತೆ ಇಟ್ಟಿದ್ದೇನೆ. ಬೆಳಗಿನಿಂದ ಅವಳೇ ಕೂತು ಬರೆದದ್ದು. ನಿನಗಲ್ಲ, ಆ ಹುಡುಗಿಯ ತಾಯಿಗೆ. ನಾನು ಓದಿಲ್ಲ, ಮೊದಲ ಸಾಲು ಮಾತ್ರ ಕಣ್ಣಿಗೆ ಬಿತ್ತು. "ನಿಮ್ಮ ಮಗಳು" ಅಂತ ಬರೆದು ಮುಂದೆ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟಿದ್ದಾಳೆ. "ಎಸ್ರೇನ್ಲಾ ಅವ್ಳುದು?" ಅಂತ ಕೇಳಿದಳು. ನನಗೂ ಗೊತ್ತಿರಲಿಲ್ಲ. ನಾಲ್ಕು ವರ್ಷ ನಾವೂ ಕೇಳಲಿಲ್ಲ ಅಕ್ಕಾ. ಆ ತಾಯಿಗೆ ಕನ್ನಡ ಬರುವುದಿಲ್ಲ, ಪಕ್ಕದಲ್ಲಿ ಕೂತು ಅವರ ಭಾಷೆಯಲ್ಲಿ ಓದಿ ಹೇಳಬೇಕಾದವಳು ನೀನೇ. ಅದಕ್ಕೆ ಮೊದಲು ಖಾಲಿ ಜಾಗದಲ್ಲಿ ಹೆಸರು ಬರೆ. ಆಮೇಲೆ ಅದನ್ನು ಬಾಯಲ್ಲಿ ಹೇಗೆ ಹೇಳಬೇಕು ಅಂತ ಅವ್ವನ ಫೋನಿಗೆ ಒಂದು ಸಲ ಮಾಡಿ ಹೇಳಿಕೊಡು. ಅವಳು ಕಲಿಯಬೇಕಂತೆ.