ಬೀಜಾಡಿಯ ಸುಳ್ಳು ದೀಪ

ಬೀಜಾಡಿ,
೧೧ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ಮಗ ಕೌಶಲನಿಗೆ ಅಪ್ಪ ಬರೆಯುವ ಕಾಗದ.

ಹೇಗಿದ್ದೀ ಮಗಾ? ಇಂಜಿನ್ ರೂಮಿನ ಸೆಕೆಗೆ ಕುತ್ತಿಗೆಯ ಮೇಲೆಲ್ಲ ಬೊಕ್ಕೆ ಎದ್ದಿದೆ ಎಂದು ಹಡಗು ಹೊರಡುವ ಮೊದಲು ಫೋನಿನಲ್ಲಿ ಹೇಳಿದ್ದೆಯಲ್ಲ. ಕಡಿಮೆಯಾಯಿತೇ? ನೀರು ಚೆನ್ನಾಗಿ ಕುಡಿ. ಅಮ್ಮ ಕಟ್ಟಿಕೊಟ್ಟ ತೆಂಗಿನೆಣ್ಣೆ ಇನ್ನೂ ಉಳಿದಿದ್ದರೆ ಅದನ್ನೇ ಹಚ್ಚು, ಅಂಗಡಿಯ ಮುಲಾಮು ಬೇಡ. ನಿನ್ನ ಡಿಸ್ಟ್ರಾಯರ್ ಈಗ ಯಾವ ಸಮುದ್ರದಲ್ಲಿದೆ ಎಂದು ನಾವು ಕೇಳಬಾರದಂತೆ, ನೀನೂ ಹೇಳಬಾರದಂತೆ. ಹಾಗಾಗಿ ಕೇಳುವುದಿಲ್ಲ. ಮುಂಬಯಿಯ ನೌಕಾಪಡೆಯ ಅಂಚೆ ವಿಳಾಸಕ್ಕೆ ಹಾಕಿದರೆ ಎಲ್ಲಿದ್ದರೂ ನಿನಗೆ ತಲುಪುತ್ತದೆ ಎಂದಿದ್ದೆಯಲ್ಲ, ಅದಕ್ಕೇ ಹಾಕುತ್ತಿದ್ದೇನೆ. ಫೋನು ತಾಗುವುದಿಲ್ಲ, ತಾಗಿದರೂ ಇದನ್ನೆಲ್ಲ ಫೋನಿನಲ್ಲಿ ಹೇಳಲು ನನ್ನಿಂದಾಗದು. ರತ್ನಾಗಿರಿಯ ಬೋಟಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಮನೆಗೆ ಬರೆಯುತ್ತಿದ್ದೆ. ಆಮೇಲೆ ಪೆನ್ನು ಹಿಡಿದದ್ದು ಇವತ್ತೇ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ತಮ್ಮ ಪ್ರಥಮ್ ಹೋದ ಮೇಲೆ ಮೂಲೆಯಲ್ಲಿ ಕವುಚಿಟ್ಟಿದ್ದ ಮೀನಿನ ಬುಟ್ಟಿಯನ್ನು ಮತ್ತೆ ಎತ್ತಿಕೊಂಡಿದ್ದಾಳೆ. ಬೆಳಿಗ್ಗೆ ಕೋಟೇಶ್ವರಕ್ಕೆ ಹೋಗಿ ಮಧ್ಯಾಹ್ನ ಊಟಕ್ಕೆ ಬರುತ್ತಾಳೆ. ಬ್ರಹ್ಮಾವರದ ಕಡೆಯಿಂದ ನಿನಗೆ ಬಂದಿದ್ದ ಸಂಬಂಧದ ಮಾತನ್ನು ಪ್ರಥಮನ ವರ್ಷಾಂತಿಕ ಮುಗಿಯುವವರೆಗೆ ಎತ್ತುವುದು ಬೇಡ ಎಂದಿದ್ದಾಳೆ. ಬೈಂದೂರಿನ ನಿನ್ನ ಅತ್ತೆ ಬಂದಿದ್ದಳು, ಮಾಣಿ ತೆಳ್ಳಗಾಗಿದ್ದಾನಾ ಎಂದು ನಿನ್ನ ಫೋಟೊ ಕೇಳಿ ನೋಡಿ ಹೋದಳು.

ಈಗ ವಿಷಯ ಹೇಳುತ್ತೇನೆ. ಅಜಿತನ ದೀಪ ಆರಿದೆ. ಆರಿಸಿದವನು ನಾನು.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಮೊದಲಿನಿಂದ ಹಿಡಿದರೆ ಮಾತ್ರ ನನಗೆ ಬರೆಯಲಿಕ್ಕೆ ಬರುತ್ತದೆ. ಅಜಿತ ನಿನ್ನ ಜೊತೆ ಶಾಲೆಗೆ ಹೋದವನು, ನಮ್ಮ ಮನೆಯಲ್ಲಿ ಬಂಗುಡೆ ಗಸಿ ಉಂಡವನು. ಮುಂಬಯಿಯಲ್ಲಿ ಹೋಟೆಲ್ ನಡೆಸಿ, ದೊಡ್ಡ ಮನುಷ್ಯನಾಗಿ ಬಂದು, ಕಡಲ ಬದಿಯ ತಮ್ಮ ತೆಂಗಿನ ತೋಟದಲ್ಲಿ ರೆಸಾರ್ಟ್ ಕಟ್ಟಿಸಿದ. ಒಂದೊಂದು ಕಾಟೇಜಿನ ಮುಂದೆ ಲೋಕದ ಒಂದೊಂದು ಹಳೆಯ ದೀಪಸ್ತಂಭದ ಪಡಿಯಚ್ಚು. ಭೂಕಂಪಕ್ಕೆ ಬಿದ್ದುಹೋದ ಅಲೆಕ್ಸಾಂಡ್ರಿಯಾದ್ದು, ರೋಮಿನವರು ಕಟ್ಟಿ ಇವತ್ತಿಗೂ ಉರಿಯುತ್ತಿರುವ ಸ್ಪೇನಿನದ್ದು, ಇನ್ನೂ ಯಾವುದು ಯಾವುದೋ. ಊಟದ ಹಾಲಿಗೆ ನೀನು ಕಳಿಸಿದ ಚಿತ್ರಗಳನ್ನು ನೋಡಿ ಡಿಸ್ಟ್ರಾಯರಿನ ಆಕಾರ ಕೊಡಿಸಿದ. ಬೂದಿ ಬಣ್ಣ, ಮೇಲೆ ಪಿವಿಸಿ ಪೈಪಿನ ತೋಪುಗಳು. ಅದೆಲ್ಲ ಅವನ ಜಾಗ, ಅವನ ಆಟ, ನನ್ನದೇನೂ ತಕರಾರಿರಲಿಲ್ಲ. ಆದರೆ ನಡುವೆ ಒಂದು ಎತ್ತರದ ಸ್ತಂಭ ಎಬ್ಬಿಸಿ ಅದರ ತಲೆಯಲ್ಲಿ ತಿರುಗುವ ದೀಪ ಇಟ್ಟ. ಆ ದೀಪ ಮಿಂಚುವ ತಾಳ, ನಮ್ಮ ಬಡಗಣಕ್ಕೆ ಹೊಳೆ ಕಡಲು ಸೇರುವ ಗಂಗೊಳ್ಳಿಯ ಅಳಿವೆಯ ಬದಿಗಿರುವ ಕೋಡಿ ಲೈಟ್‌ಹೌಸಿನದೇ ತಾಳ.

ಕಡಲಿನವರಿಗೆ ದೀಪ ಎಂದರೆ ಬೆಳಕಲ್ಲ, ತಾಳ. ಒಂದು ದೀಪದ ತಾಳ ಅದರ ಹತ್ತಿರದ ಇನ್ನೊಂದಕ್ಕೆ ಇರುವುದಿಲ್ಲ, ಅದು ನಿನಗೂ ಗೊತ್ತು. ಕಳೆದ ಸೆಪ್ಟೆಂಬರಿನ ಆ ಸಂಜೆ ಅಜಿತ ಯಾರಿಗೂ ಒಂದು ಮಾತು ಹೇಳದೆ ಪರೀಕ್ಷೆಗೆಂದು ಮೊದಲ ಬಾರಿ ದೀಪ ಹಚ್ಚಿಸಿದ. ನಾವು ತೆಂಕಣದಿಂದ ನಾಡದೋಣಿಯಲ್ಲಿ ಗಂಗೊಳ್ಳಿಯ ಅಳಿವೆಗೆ ವಾಪಸು ಬರುತ್ತಿದ್ದೆವು. ನಾನು ತಾಂಡೇಲ, ಚುಕ್ಕಾಣಿ ನನ್ನ ಕೈಯಲ್ಲಿತ್ತು. ಪ್ರಥಮ್ ಮುಂದೆ ಅಣಿಯದಲ್ಲಿ ಕೂತು ಬಲೆ ಒಟ್ಟು ಮಾಡುತ್ತಿದ್ದ. ಬಡಗಣದಲ್ಲಿ ಮಳೆ ಪರದೆಯ ಹಾಗೆ ಬಿದ್ದು ಕೋಡಿಯ ದೀಪ ಮುಚ್ಚಿಹೋಗಿತ್ತು. ನನಗೆ ಕಂಡದ್ದು ಒಂದೇ ದೀಪ, ತಾಳ ಸರಿಯಾಗಿತ್ತು. ಮೂವತ್ತು ವರ್ಷ ಮಾಡಿದ ಹಾಗೆ ಅದನ್ನು ಬಲಕ್ಕೆ ಬಿಟ್ಟು ಸ್ವಲ್ಪ ಮುಂದೆ ಹೋಗಿ ದಡಕ್ಕೆ ತಿರುಗಿಸಿದೆ. ಅಳಿವೆ ಇರಬೇಕಾದಲ್ಲಿ ರೆಸಾರ್ಟಿನ ಎದುರಿನ ಬಂಡೆ, ಕೋಣಕಲ್ಲು ಇತ್ತು. ದೋಣಿ ಮಗುಚಿತು. ಉಳಿದವರೆಲ್ಲ ಈಜಿ ದಡ ಸೇರಿದರು. ಪ್ರಥಮನ ತಲೆ ಕಲ್ಲಿಗೆ ಬಡಿದಿತ್ತು.

ನೀನು ತಮ್ಮನ ಕ್ರಿಯೆಗೆ ಬಂದಾಗ ನನ್ನನ್ನು ಕೂರಿಸಿ ಸಮಾಧಾನ ಹೇಳಿದೆ. ನೂರು ವರ್ಷದ ಹಿಂದೆ ಅಮೆರಿಕದ ಏಳು ಡಿಸ್ಟ್ರಾಯರುಗಳು ಮುಂದಿನ ಹಡಗನ್ನು ನಂಬಿಕೊಂಡು ಒಂದರ ಹಿಂದೊಂದು ಬಂಡೆಗೆ ಹೊಡೆದ ಕಥೆ ಹೇಳಿದೆ. ಅಷ್ಟು ಓದಿದವರಿಗೇ ದಾರಿ ತಪ್ಪುತ್ತದೆ ಅಪ್ಪ, ಎಂದೆ. ನಿನ್ನ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ನನಗೆ ಚುಚ್ಚಿತು. ಅವರು ಲೆಕ್ಕ ತಪ್ಪಿದವರು. ನಾನು ತಪ್ಪಿರಲಿಲ್ಲ, ನನಗೆ ಸುಳ್ಳು ತೋರಿಸಿದ್ದರು.

ಅಜಿತ ಮಾಡಿದ್ದು ಅಷ್ಟೇ ಆಗಿದ್ದರೆ ಬುದ್ಧಿಯಿಲ್ಲದವನು ಎಂದು ಬಿಡುತ್ತಿದ್ದೆನೋ ಏನೋ. ಅವನು ಊರಿನವರ ಮುಂದೆ, ಪೊಲೀಸರ ಮುಂದೆ, "ಲೈಟ್ ಎಂತ ಮಾಡತ್ತ್? ಕುಷ್ಟಣ್ಣ ಕುಡ್ದಿದ್ರ್" ಎಂದ. ಹೆಂಡದ ವಾಸನೆ ಕಂಡರಾಗದ ನನ್ನನ್ನು, ಮಗನ ಬೂದಿ ಆರುವ ಮೊದಲು ಕುಡುಕ ಎಂದ. ಆಮೇಲೆ ಯಾರೂ ನನಗೆ ಚುಕ್ಕಾಣಿ ಕೊಡಲಿಲ್ಲ. ಎದುರಿಗೆ ಏನೂ ಅನ್ನುತ್ತಿರಲಿಲ್ಲ, ದೋಣಿ ನೂಕುವಾಗ ನನ್ನನ್ನು ಕರೆಯುತ್ತಿರಲಿಲ್ಲ, ಅಷ್ಟೆ. ಎರಡು ಮೂರು ತಿಂಗಳು ಆರಿಸಿಟ್ಟಿದ್ದ ದೀಪವನ್ನು ಡಿಸೆಂಬರಿನಲ್ಲಿ ಪ್ರವಾಸಿಗರು ಬರತೊಡಗಿದಾಗ ಮತ್ತೆ ಹಚ್ಚಿಸಿದ. ಅಂಥ ದೀಪ ಇಡಬಾರದೆಂದು ಕಾನೂನಿದೆಯಂತೆ, ಅರ್ಜಿ ಕೊಟ್ಟೆ. ಅದು ಯಾರದೋ ಮೇಜಿನ ಮೇಲಿದೆ. ಸಂಜೆಯಾದರೆ ಆ ಬೆಳಕು ನಮ್ಮ ಅಂಗಳದ ಮೇಲೆ ತಿರುಗಿ ಹೋಗುತ್ತಿತ್ತು. ಅಮ್ಮ ಅದು ಬರುವ ಹೊತ್ತಿಗೆ ಬಾಗಿಲು ಹಾಕಿಬಿಡುತ್ತಿದ್ದಳು.

ಒಂದು ದಿನ ದೀಪ ಆರಿಸು ಎಂದು ಕೇಳಲು ನಾನೇ ಹೋದೆ. ತುಂಬಾ ಹೊತ್ತು ಹೊರಗೆ ಕೂರಿಸಿದರು. ಎದುರಿನ ಕಾಟೇಜಿನ ಮುಂದೆ ಬೋರ್ಡಿತ್ತು, ಓದಿದೆ. ಇಂಗ್ಲೆಂಡಿನ ಕಡಲ ನಡುವಿನ ಕಲ್ಲಿನ ಮೇಲೆ ಮುನ್ನೂರು ವರ್ಷದ ಹಿಂದೆ ಒಬ್ಬ ದೀಪಸ್ತಂಭ ಕಟ್ಟಿದನಂತೆ. ಲೋಕದ ಅತಿ ದೊಡ್ಡ ಬಿರುಗಾಳಿ ಬಂದಾಗ ತಾನು ಅದರೊಳಗೇ ಇರಬೇಕು ಎನ್ನುತ್ತಿದ್ದನಂತೆ. ಬಿರುಗಾಳಿ ಬಂದಾಗ ಒಳಗೇ ಇದ್ದ. ಬೆಳಗಾಗುವಾಗ ಸ್ತಂಭವೂ ಇರಲಿಲ್ಲ, ಅವನೂ ಇರಲಿಲ್ಲ. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ತನ್ನ ದೀಪಕ್ಕೆ ತನ್ನ ಜೀವವನ್ನೇ ಒಡ್ಡಿದ್ದ. ಅಜಿತನೂ ಒಡ್ಡಬೇಕು ಎಂದು ಅಲ್ಲೇ ಹೊಳೆಯಿತು. ಅವನು ಹೊರಗೆ ಬರುವ ಮೊದಲೇ ಎದ್ದು ಬಂದೆ.

ಹೋದ ವಾರ ಸಂದರ್ಭ ತಾನಾಗಿ ಬಂತು. ಡಿಸ್ಟ್ರಾಯರ್ ಹಾಲಿನ ಉದ್ಘಾಟನೆಯ ಜಾಹೀರಾತಿಗೆ, ಸಂಜೆ ದೀಪ ಹಚ್ಚಿದಾಗ ಕಡಲಿನಿಂದ ರೆಸಾರ್ಟ್ ಹೇಗೆ ಕಾಣುತ್ತದೆಂದು ಫೋಟೊ ಬೇಕಿತ್ತು ಅವನಿಗೆ. ನಮ್ಮ ದಡದಲ್ಲಿ ಯಾರೂ ದೋಣಿ ಕೊಡಲಿಲ್ಲ. ನನ್ನ ಜೊತೆ ಅವತ್ತು ದೋಣಿಯಲ್ಲಿದ್ದ ಕರಿಯನ ಕೈಯಲ್ಲಿ ನಾನೇ ಹೇಳಿ ಕಳಿಸಿದೆ, ನಾನು ಕರೆದುಕೊಂಡು ಹೋಗುತ್ತೇನೆಂದು. ಅಜಿತ ನಗುತ್ತಾ ಬಂದ. "ಹ್ವಾಯ್ ಕುಷ್ಟಣ್ಣ, ಹಳೆದೆಲ್ಲ ಮರ್ತ್ ಬಿಡಿ. ಗೆಸ್ಟ್‌ಗಳನ್ನ ಕರ್ಕಂಡ್ ಹೋಪ ಕೆಲ್ಸ ನಿಮ್ಗೇ ಕೊಡ್ತೆ" ಎಂದ. ಉಡುಪಿಯ ಫೋಟೊ ತೆಗೆಯುವ ಹುಡುಗನೂ ಹತ್ತಲು ಬಂದ. ದೋಣಿ ಸಣ್ಣದು, ಒಬ್ಬರಿಗೇ ಜಾಗ ಎಂದೆ. ಅಜಿತ ಅವನ ಕ್ಯಾಮೆರಾ ಇಸಿದುಕೊಂಡು ತಾನೇ ಹತ್ತಿದ. ಆ ಹುಡುಗನ ಮೇಲೆ ನನಗೇನೂ ಇರಲಿಲ್ಲ. ಕರಿಯನಿಗೂ ದಡದಲ್ಲೇ ಇರು ಎಂದೆ. ದೋಣಿ ಅವನದೇ. ನೂಕಿಕೊಡುವಾಗ ನನ್ನ ಮುಖ ನೋಡಿ, "ಎಂತ ಮಾಡ್ತ್ರಿ ಕುಷ್ಟಣ್ಣ?" ಎಂದು ಮೆಲ್ಲಗೆ ಕೇಳಿದ. ನಾನು ದೋಣಿಯನ್ನು ತೆರೆಗೆ ತಿರುಗಿಸಿದೆ.

ಹೊತ್ತು ಮುಳುಗುವಾಗ ಸಾಕಷ್ಟು ದೂರ ಹೋಗಿದ್ದೆವು. ಅವನು ಕ್ಯಾಮೆರಾ ಕಣ್ಣಿಗಿಟ್ಟು ತೆಗೆದದ್ದೇ ತೆಗೆದದ್ದು. ಮಬ್ಬು ಕವಿಯಿತು. ಇನ್ನಷ್ಟು ದೂರ ಒಯ್ದು ಎರಡು ಮೂರು ಸುತ್ತು ತಿರುಗಿಸಿ ಇಂಜಿನ್ ನಿಲ್ಲಿಸಿದೆ. ತೆರೆಯ ಹೊಯ್ದಾಟಕ್ಕೆ ಅವನು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತ. ದಡದ ಸಣ್ಣ ದೀಪಗಳೆಲ್ಲ ಮಂಜಿನಲ್ಲಿ ಒಂದಾಗಿದ್ದವು. ತಿರುಗುವ ದೀಪ ಎರಡು, ತಾಳ ಒಂದೇ.

ಅವನು ದೊಡ್ಡವನಾದ ಮೇಲೆ ನಾನು ಅವನನ್ನು ನೀವು ಎನ್ನುತ್ತಿದ್ದೆ. ಅವತ್ತು ಬಾಯಿಗೆ ನೀನು ಎಂದೇ ಬಂತು. "ಅಜಿತಾ, ಗಂಗೊಳ್ಳಿ ಅಳ್ವಿಗ್ ಹೋಯ್ಕ್. ಕೋಡಿ ಲೈಟ್‌ಹೌಸ್ ಯಾವ್ದ್, ತೋರ್ಸ್" ಎಂದೆ.

"ಈ ಬದಿದ್ ಅಲ್ದಾ" ಎಂದು ಕೈ ತೋರಿಸಿದ.

"ಸಮಾ ಕಂಡ್ ಹೇಳ್."

"ಅದೇ ಮಾರಾಯ್ರೆ. ಬೇಗ ದಡಕ್ಕೆ ಹೋಪ, ನಂಗ್ ಕೂಕಂಬ್ಕ್ ಆತಿಲ್ಲ."

ಅವನು ತೋರಿಸಿದ್ದು ತನ್ನದೇ ದೀಪವನ್ನು. ನಾನು ಇಂಜಿನ್ ಎಳೆದೆ. ಅವನು ಹೇಳಿದ ದೀಪವನ್ನು ಬಲಕ್ಕೆ ಬಿಟ್ಟು, ಪ್ರಥಮ್ ಇದ್ದ ದಿನ ಹೇಗೆ ಹೋಗಿದ್ದೆನೋ ಹಾಗೇ ಹೋಗಿ, ಅಲ್ಲೇ ತಿರುಗಿಸಿದೆ. ಪೂರ್ತಿ ವೇಗ. ಮೊದಲು ಕಲ್ಲಿಗೆ ನೀರು ಹೊಡೆಯುವ ಸದ್ದು ಕೇಳಿತು, ಆಮೇಲೆ ಬಿಳಿ ನೊರೆ ಕಂಡಿತು, ಅದರಾಚೆ ಬೂದಿ ಬಣ್ಣದ ಹಾಲೂ ಅದರ ಮೇಲಿನ ಸೀರಿಯಲ್ ಬಲ್ಬುಗಳೂ ಕಂಡವು. ಅವನು ಎದ್ದು ನಿಂತ. "ಇದ್ ನಮ್ ಲೈಟ್, ಕುಷ್ಟಣ್ಣ. ತಿರ್ಗ್ಸಿ, ತಿರ್ಗ್ಸಿ" ಎಂದು ಕಿರುಚಿದ.

"ಕುಡ್ದದ್ ಯಾರ್ ಅಜಿತಾ? ನಾನಾ, ನೀನಾ?" ಎಂದು ಕೇಳಿದೆ.

ಅವನು ಅಳತೊಡಗಿದ. ಕಲ್ಲಿಗೆ ಇನ್ನೊಂದು ತೆರೆಯಷ್ಟು ದೂರವಿರುವಾಗ ಚುಕ್ಕಾಣಿ ಒತ್ತಿದೆ. ದೋಣಿ ಒಂದೇ ಬದಿಗೆ ವಾಲಿತು, ನಿಂತಿದ್ದ ಅವನು ನೀರಿಗೆ ಬಿದ್ದ. ಬೀಳಿಸಬೇಕೆಂದೇ ಹಾಗೆ ತಿರುಗಿಸಿದೆಯಾ ಎಂದು ನೀನು ಕೇಳಿದರೆ ಹೌದು ಎನ್ನುತ್ತೇನೆ.

ಹಗ್ಗ ನನ್ನ ಕೈಯಲ್ಲಿತ್ತು. ಅವನು ಮುಳುಗಿ ಏಳುತ್ತಿದ್ದ, ಒಂದೊಂದು ತೆರೆ ಅವನನ್ನು ಕಲ್ಲಿನ ಕಡೆಗೆ ಒಯ್ಯುತ್ತಿತ್ತು. ನಾನು ಕೂತು ನೋಡಿದೆ. ಮಗಾ, ಸುಳ್ಳು ಬರೆಯುವುದಿಲ್ಲ, ಪ್ರಥಮ್ ಹೋದ ಮೇಲೆ ನನ್ನ ಎದೆ ಹಗುರಾದದ್ದು ಆಗಲೇ. ಅವನು ನೀರು ಉಗುಳುತ್ತಾ, "ನೀವ್ ಕುಡೀಲಿಲ್ಲ ಕುಷ್ಟಣ್ಣ, ನಂಗ್ ಗೊತ್ತಿತ್ತ್. ನನ್ ಲೈಟೇ, ನನ್ ಲೈಟೇ" ಎಂದ. "ದಡದಗೆ ಎಲ್ಲರೆದ್ರ್ ಹೇಳ್ತ್ಯಾ?" ಎಂದೆ. ಹೇಳ್ತೆ ಎಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಹಗ್ಗ ಬಿಸಾಡಿದೆ.

ಹೇಳಿದ. ದೋಣಿ ಕಲ್ಲಿನತ್ತ ಹೋದದ್ದನ್ನು ಕಂಡು ಕರಿಯ ಕೇರಿಯವರನ್ನೆಲ್ಲ ಕೂಗಿದ್ದ, ದಡದ ತುಂಬ ಜನ. ಮೊಣಕಾಲೂರಿ ಮರಳಿನಲ್ಲಿ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಮಾರನೆಯ ದಿನ ವೆಲ್ಡಿಂಗಿನವನು ಬಂದು ಸ್ತಂಭದ ತಲೆಯನ್ನೇ ಕೊಯ್ದು ಕೆಳಗಿಳಿಸಿದ. ಉದ್ಘಾಟನೆ ನಿಂತಿದೆ. ನಾನು ಕೊಲ್ಲಲು ನೋಡಿದೆ ಎಂದು ಅವನು ಪೊಲೀಸರಿಗೆ ದೂರು ಕೊಡಬಹುದು. ಕೊಟ್ಟಿಲ್ಲ. ಕೊಡಬೇಕಾದರೆ ತನ್ನ ದೀಪ ತನ್ನನ್ನೇ ಕಲ್ಲಿಗೆ ಒಯ್ದದ್ದನ್ನು ಬರೆಯಬೇಕಲ್ಲ. ನಿನ್ನೆ ಕರಿಯ ಬಂದು ಚುಕ್ಕಾಣಿಗೆ ಬನ್ನಿ ಎಂದು ಕರೆದ. ನೋಡುವ ಎಂದಿದ್ದೇನೆ.

ಅವತ್ತು ಒದ್ದೆ ಬಟ್ಟೆಯಲ್ಲೇ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಒಲೆಯ ಮುಂದೆ ಕೂತು ಪೂರ್ತಿ ಕೇಳಿ, "ಹಗ್ಗ ಎಂತಕ್ ಬಿಸಾಡಿದ್ರಿ?" ಎಂದಳು. ಅನ್ನ ಬಡಿಸಿದಳು. ಅವಳೊಳಗೆ ಇಷ್ಟು ಕಿಚ್ಚಿದೆ ಎಂದು ಇಷ್ಟು ವರ್ಷ ಸಂಸಾರ ಮಾಡಿದ ನನಗೂ ಗೊತ್ತಿರಲಿಲ್ಲ.

ನಿನ್ನ ಕೆಲಸ ನೀನು ಮಾಡಿಕೊಂಡಿರು. ಬಿಸಿಯಾದ್ದು ಉಣ್ಣು. ಕೋಟಿಲಿಂಗೇಶ್ವರ ನಿನ್ನನ್ನೂ ನಿನ್ನ ಹಡಗಿನವರೆಲ್ಲರನ್ನೂ ಕೈಬಿಡದಿರಲಿ. ನಿನ್ನ ತಲೆ ಮುಟ್ಟಿ ಹರಸಿದೆನೆಂದು ಬರೆ ಎಂದು ಅಮ್ಮ ಹೇಳುತ್ತಿದ್ದಾಳೆ.

ಇಂತು ನಿನ್ನ ಅಪ್ಪ,
ಕುಷ್ಟ

ಮರೆತ ಮಾತು: ಮೇಲಿನದೆಲ್ಲವನ್ನೂ ಅಮ್ಮನಿಗೆ ಓದಿ ಹೇಳಿದ್ದೇನೆ. ಇದನ್ನು ಕೋಟೇಶ್ವರದ ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಅವಳಿಗೆ ಗೊತ್ತಿಲ್ಲ. ನೀರಿನಿಂದ ಎಳೆದು ಹಾಕಿದ ಮೇಲೆ ದೋಣಿಯೊಳಗೆ ತಳದಲ್ಲಿ ಮಲಗಿ ಅಜಿತ ಇನ್ನೊಂದು ಮಾತು ಹೇಳಿದ. "ತಾಳ ಕೌಶಲನೇ ಕೊಟ್ಟದ್. ಕೋಡಿದೇ ಇರ್ಲಿ, ಊರವ್ರಿಗ್ ತಮಾಷಿ ಆತ್ತ್ ಅಂದಿದ್ದ. ಕೋಡಿ ಲೈಟಿನ್ ವಿಡಿಯೊನೂ ಅವ್ನೇ ಕಳ್ಸಿದ್ದ್." ನಾನು ನಂಬಲಿಲ್ಲ, ಅವನ ಕೆನ್ನೆಗೆ ಹೊಡೆದೆ. ಮನೆಗೆ ನಡೆದು ಬರುವಾಗ ನೆನಪಾಯಿತು, ಹೋದ ಮೇ ತಿಂಗಳ ರಜೆಯಲ್ಲಿ ಒಂದು ಸಂಜೆ ನೀನು ಮರಳಿನಲ್ಲಿ ಕೂತು ಕೋಡಿಯ ಕಡೆಗೆ ಫೋನು ಹಿಡಿದಿದ್ದೆ. ಎಂತ ಮಾಡುದ್ ಎಂದು ಕೇಳಿದ್ದಕ್ಕೆ ಸುಮ್ನೆ ಎಂದಿದ್ದೆ. ತಾಂಡೇಲನ ಮಗ ನೀನು, ಹಡಗಿನಲ್ಲಿ ಅನ್ನ ತಿನ್ನುವವನು. ಪ್ರಥಮನನ್ನು ಸುಟ್ಟ ದಿನವೇ ಆ ತಾಳ ಕೊಟ್ಟವನು ನೀನೆಂದು ನಿನಗೆ ಗೊತ್ತಿತ್ತು. ಅಮ್ಮನಿಗೆ ನಾನು ಹೇಳುವುದಿಲ್ಲ, ನೀನೇ ಬಂದು ಹೇಳಬೇಕು. ಮಳೆಗಾಲಕ್ಕೆ ಮೊದಲು ಬಾ. ಹೇಳುವಾಗ ನಾನು ಅಂಗಳದಲ್ಲಿ ಇರುತ್ತೇನೆ. ಅವಳು ಏನು ಮಾಡಿದರೂ ನಾನು ಒಳಗೆ ಬರುವುದಿಲ್ಲ.