ಚುಚ್ಚದ ಕಂಬಳಿ

ಯೂನಿಯನ್ ಸಿಟಿ
ಅಕ್ಟೋಬರ್ 18, 2025

ಗೆಳೆಯ ವೀರಣ್ಣನಿಗೆ,

ವಜೀರ್ ಮಾಡುವ ಸಲಾಮು. ನಿನ್ನ ಕಾಗದ ಬೇಸಿಗೆಯಲ್ಲೇ ಬಂದಿತ್ತು. ಉತ್ತರ ತಡವಾಯಿತು, ಬೈಯಬೇಡ. ಬೈದರೂ ಇಲ್ಲಿಗೆ ಕೇಳಿಸುವುದಿಲ್ಲ. ನಿನ್ನ ಮಗ್ಗ ನಡೆಯುತ್ತಿದೆ, ಸೊಂಟ ಮಾತ್ರ ನಡೆಯುತ್ತಿಲ್ಲ ಎಂದು ಬರೆದಿದ್ದೆ. ರಾಣೆಬೆನ್ನೂರಿನ ನನ್ನ ಅಂಗಡಿಯಿಂದ ಉಣ್ಣೆಯ ಮೂಟೆ ಹೊರಿಸಿದ ಪಾಪವನ್ನು ನನ್ನ ತಲೆಗೇ ಕಟ್ಟು. ನಾವು ಈ ಪರದೇಶದಲ್ಲಿ, ಮಗಳು ತೂಬಾಳ ಮನೆಯಲ್ಲಿ, ಹಾಗೂ ಹೀಗೂ ಇದ್ದೇವೆ.

ನನ್ನ ಖಾಲಿದಾಳ ಸ್ಥಿತಿ ನಿನಗೆ ಗೊತ್ತೇ ಇದೆ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದವರೆಗೂ ರಕ್ತ ಹೊರಗೆ ಹೋಗಿ, ತೊಳೆಸಿಕೊಂಡು ಒಳಗೆ ಬರುತ್ತದೆ. ಅಷ್ಟು ಹೊತ್ತೂ ಅವಳಿಗೆ ಚಳಿ. ಸೂಜಿ ಹಾಕಿದ ಕೈ ನರ್ಸಿಗೆ ಕಾಣುತ್ತಿರಬೇಕು, ಸ್ವೆಟರ್ ಹಾಕುವಂತಿಲ್ಲ. ಭಾರದ ರಜಾಯಿ ಆಗದು. "ಹಗೂರ್ ಇರೂ ಅಂಥಾದ್ದೊಂದು ಕಂಬಳಿ ಮಾಡಿಸಿಕೊಡ್ರಿ" ಎಂದಳು. ಮನೆಯಲ್ಲಿ ನಾವು ಆಡುವುದು ಉರ್ದು. ಕಂಬಳಿಯ ವಿಷಯ ಬಂದರೆ ಅವಳು ಅಂಗಡಿಯ ಕನ್ನಡಕ್ಕೆ ಇಳಿಯುತ್ತಾಳೆ. ಅವಳು ನನ್ನನ್ನು ಏನಾದರೂ ಕೇಳಿದ್ದೇ ಕಡಿಮೆ. ಇದನ್ನಾದರೂ ನೆಟ್ಟಗೆ ಮಾಡಬೇಕೆಂದು ಹಟ ಹಿಡಿದೆ.

ಡ್ಯಾನ್‌ವಿಲ್ ಆಚೆಯ ಗುಡ್ಡದಲ್ಲಿ ಬೆಂಗಳೂರಿನ ಮಧುಕರ್ ಎಂಬವರು ಅಲ್ಪಾಕಾ ಸಾಕಿದ್ದಾರೆ. ತೂಬಾಳ ಹಳೆಯ ಬಾಸು, ಈಗ ನಿವೃತ್ತರು. ಅಲ್ಪಾಕಾ ಎಂದರೆ ಕುರಿಯ ಮೈ, ಒಂಟೆಯ ಕತ್ತು, ಮುಖದಲ್ಲಿ ಮಾತ್ರ ತಹಶೀಲ್ದಾರರ ಗತ್ತು. ವರ್ಷಕ್ಕೊಮ್ಮೆ ಉಣ್ಣೆ ಕತ್ತರಿಸುತ್ತಾರೆ. ಕುರಿಯದರಂತೆ ಜಿಡ್ಡಿಲ್ಲ, ಧೂಳಷ್ಟೇ. ಜಾಲರಿ ಮೇಜಿನ ಮೇಲೆ ಹರಡಿ ಕೊಡವಿದರೆ ಕಸ ಕೆಳಗೆ ಬೀಳುತ್ತದೆ. ಹೋದ ವರ್ಷ ಅದನ್ನು ವಿಂಗಡಿಸುವ ಕೆಲಸ ನಾನೇ ವಹಿಸಿಕೊಂಡೆ. ಹುಟ್ಟಿದಾಗಿನಿಂದ ಉಣ್ಣೆ ಮುಟ್ಟಿದ ಕೈ, ನನಗೆ ಯಾರು ಹೇಳಿಕೊಡಬೇಕು?

ಅಲ್ಲೇ ಎಡವಿದ್ದು. ನಮ್ಮಲ್ಲಿ ಒಳ್ಳೆಯ ಉಣ್ಣೆ ಯಾವುದು ಹೇಳು? ಒರಟಾಗಿ, ಗಟ್ಟಿಯಾಗಿ, ಮಳೆಯ ನೀರು ಜಾರಿ ಹೋಗುವಂಥದ್ದು. ಹುಣಸೆಬೀಜದ ಗಂಜಿ ಕುಡಿದ ಕಂಬಳಿ ತಾನೇ ಎದ್ದು ನಿಲ್ಲಬೇಕು. ಆ ಲೆಕ್ಕದಲ್ಲೇ ಕಾಲು, ಹೊಟ್ಟೆ, ಎದೆಯ ನೆಟ್ಟನೆಯ ದಪ್ಪ ಕೂದಲನ್ನೆಲ್ಲ ಮೊದಲ ದರ್ಜೆ ಎಂದು ಎತ್ತಿಟ್ಟೆ. ಬೆನ್ನು, ಪಕ್ಕೆಗಳ ಸಣ್ಣ ಸುರುಳಿಯ ಉಣ್ಣೆ ಕೈಗೆ ಸಿಕ್ಕೂ ಸಿಗದ ಹಾಗಿತ್ತು. ಇದೇನು ಉಣ್ಣೆಯೋ ಹೊಗೆಯೋ ಎಂದು ದಿಂಬಿಗೆ ತುಂಬುವ ಚೀಲಕ್ಕೆ ತುರುಕಿದೆ. ಮಧುಕರ್ ಆಗ ಊರಲ್ಲಿರಲಿಲ್ಲ. ಮಿಲ್ಲಿನವರು ಕೊಟ್ಟಿದ್ದನ್ನು ನೂತು ನೇಯ್ದು ಕಳಿಸಿದರು.

ಆ ಕಂಬಳಿಯನ್ನು ಖಾಲಿದಾ ತಿಂಗಳುಗಟ್ಟಲೆ ಹೊದ್ದಳು. ಕೊನೆಗೆ ಮೊಮ್ಮಗಳು ರಮ್ಶಾ ತನ್ನ ಇಂಗ್ಲಿಷಿನಲ್ಲಿ ನನ್ನನ್ನು ಗದರಿದಳು: ಅದು ಅಜ್ಜಿಗೆ ಚುಚ್ಚುತ್ತದೆ, ನಿಮಗೆ ಬೇಜಾರಾಗುತ್ತದೆಂದು ಹೇಳುತ್ತಿಲ್ಲ. ತೋಳು ನೋಡಿದರೆ ಕೆರೆದು ಕೆಂಪಾಗಿತ್ತು. ವೀರಣ್ಣ, ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮಧುಕರ್ ಬಳಿ ಓಡಿದೆ. "ಅಯ್ಯೋ ಸಾಹೇಬ್ರೇ, ಪೂರ್ತಿ ಉಲ್ಟಾ ಮಾಡಿದೀರಲ್ಲ! ನೀವು ದಿಂಬಿಗೆ ಹಾಕಿರೋದೇ ಫಸ್ಟ್ ಗ್ರೇಡು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಣ್ಯಕ್ಕೆ ಚೀಲ ಹಾಗೇ ಇತ್ತು. ಇಲ್ಲಿ ಎಳೆಯ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ನಮ್ಮ ತಲೆಗೂದಲು ಎಪ್ಪತ್ತರ ಹತ್ತಿರವಂತೆ. ಮೈಗೆ ತಾಗುವ ಹೊದಿಕೆಗೆ ಇಪ್ಪತ್ತರ ಆಸುಪಾಸಿನದು ಬೇಕು. ಮೂವತ್ತು ದಾಟಿದ್ದು ನೆಲಕ್ಕೆ ಹಾಸುವ ರಗ್ಗಿಗೆ. ದಪ್ಪ ತೆಳು ಬೆರೆತರೂ ಕೆಟ್ಟಿತು. ಮಧುಕರ್ ಒಂದು ಗೊಂಚಲನ್ನು ಕಿವಿಯ ಹತ್ತಿರ ಹಿಡಿದು ಎರಡೂ ತುದಿ ಜಗ್ಗಿದರು. "ಚಟಚಟ ಅಂದ್ರೆ ವೀಕು. ಟಣ್ ಅಂದ್ರೆ ಇಟ್ಕೊಳ್ಳಿ." ನನ್ನ ಕೈಚರ್ಮವನ್ನು ಇನ್ನು ನಂಬುವಂತಿಲ್ಲವಲ್ಲ, ಕೆನ್ನೆಗೂ ಕುತ್ತಿಗೆಗೂ ಒತ್ತಿ ಒತ್ತಿ ಆರಿಸಿದೆ. ನೆಟ್ಟನೆಯ ಕೂದಲು ಒಂದೊಂದನ್ನೂ ಕಿತ್ತು ಎಸೆದೆ. ಕಣ್ಣು ನೋವು ಬಂತು, ಬರಲಿ.

ಹೊಸ ಕಂಬಳಿ ಹೋದ ವಾರ ಬಂತು. ಬಣ್ಣ ಹಾಕಿಲ್ಲ, ಪ್ರಾಣಿಯದೇ ಕಂದು. ನೀನು ಮುಟ್ಟಿದರೆ ಇದು ಕಂಬಳಿಯೇ ಅಲ್ಲ ಎಂದು ಜಗಳಕ್ಕೆ ಬರುತ್ತೀ. ಖಾಲಿದಾ ಹೊದ್ದು, ಅಂಚನ್ನು ಕೆನ್ನೆಗೆ ಹಚ್ಚಿಕೊಂಡು, "ಭಾಳ ಚಲೋ ಐತಿ. ಇದನ್ನ ಅಲ್ಲಿಗೆ ಒಯ್ಯೂದಿಲ್ಲ, ಮನ್ಯಾಗ ಹೊಚ್ಕೋತೀನಿ" ಎಂದಳು. ನಾನು ಅಷ್ಟು ಖುಷಿಪಟ್ಟು ಬಹಳ ದಿನವಾಗಿತ್ತು.

ಮನೆಯವರಿಗೆಲ್ಲ ನನ್ನ ನೆನಪು ಹೇಳು. ಮೊಮ್ಮಕ್ಕಳು ನೂರು ಕಾಲ ಬಾಳಲಿ. ನಿನ್ನ ಸೊಂಟವನ್ನು ಅಲ್ಲಾಹ್ ಕಾಪಾಡಲಿ, ನೀನೂ ಸ್ವಲ್ಪ ಕಾಪಾಡಿಕೊ.

ನಿನ್ನವನೇ,
ವಜೀರ್

ತಾ.ಕ.: ಹೊಸ ಕಂಬಳಿ ಕೊಳೆಯಾದೀತೆಂದು ಖಾಲಿದಾ ಒಯ್ಯುವುದಿಲ್ಲ ಎಂದಳು ಅಂದುಕೊಂಡಿದ್ದೆ. ಈ ಬೆಳಿಗ್ಗೆ ಕಾರು ತೆಗೆದು ಕರೆದರೆ ಏಳಲೇ ಇಲ್ಲ. "ನಾ ಇನ್ನ ಹೋಗೂದಿಲ್ರಿ. ಸಾಕಾತು. ಡಾಕ್ಟರಿಗೆ ಹೇಳೀನಿ" ಎಂದಳು. ಡಯಾಲಿಸಿಸ್ ನಿಲ್ಲಿಸಿದರೆ ಇನ್ನು ಕೆಲವೇ ದಿನ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ತೂಬಾಗೆ ತಿಳಿಸುವುದನ್ನು ನನಗೆ ಬಿಟ್ಟಿದ್ದಾಳೆ, ಇನ್ನೂ ಬಾಯಿ ಬಂದಿಲ್ಲ. ಅಂಚೆಗೆ ಹಾಕಿದರೆ ತಡವಾಗುತ್ತದೆ. ರಮ್ಶಾಗೆ ಕನ್ನಡ ಓದಲು ಬಾರದು. ಅವಳ ಕೈಯಲ್ಲೇ ಇದರ ಫೋಟೊ ತೆಗೆಸಿ ನಿನ್ನ ಫೋನಿಗೆ ಕಳಿಸುತ್ತಿದ್ದೇನೆ. ಖಾಲಿದಾ ನಿನ್ನನ್ನು ಅಣ್ಣ ಅನ್ನುತ್ತಾಳಲ್ಲ, ಬೈದು ಆಸ್ಪತ್ರೆಗೆ ಕಳಿಸು ಎಂದು ಬರೆಯಲು ಕೂತೆ. ಬರೆಯಲಾರೆ. ಎಷ್ಟು ನೋವಾಗುತ್ತದೆಂದು ಅವಳು ನನಗೆ ಎಂದೂ ಹೇಳಿದವಳಲ್ಲ. ಸುಮ್ಮನೆ ಫೋನು ಮಾಡಿ ಊರಿನ ಮಾತಾಡು. ನಗಿಸು. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ.